ವಿನೋದವನದ ಚರಿತ್ರೆ ಬರೆಯುವವನು ಯಾರನ್ನು ಕೇಳಬೇಕು?

(ಗಿರಣಿ ಕಾರ್ಮಿಕರ ವಾಚನಾಲಯದ ಸಭೆಯಲ್ಲಿ ಮಾಡಿದ ಭಾಷಣ)



ಡಿಸ್ನಿಲೆಂಡಿನ ಚರಿತ್ರೆಯನ್ನು ಕನ್ನಡದಲ್ಲಿ ಒಂದು ಪುಸ್ತಕವಾಗಿ ಬರೆಯಬೇಕೆಂದಿದ್ದೇನೆ ಎಂದಾಗ ಇಲ್ಲಿಯ ಕೆಲವು ಹಿರಿಯರು ನಕ್ಕರು. ಕೂಲಿ, ಬೋನಸ್ಸು, ತುಟ್ಟಿಭತ್ಯದ ಮಾತಾಡುವ ಮನುಷ್ಯನಿಗೆ ಇಲಿಯ ಗೊಂಬೆಯ ಉಸಾಬರಿ ಏತಕ್ಕೆ ಎಂದು ಅವರ ಪ್ರಶ್ನೆ. ಪ್ರಶ್ನೆ ನ್ಯಾಯವಾದದ್ದೇ, ಅದಕ್ಕೆ ಉತ್ತರ ಹೇಳುವುದಕ್ಕಾಗಿಯೇ ಇಂದು ನಿಂತಿದ್ದೇನೆ.

ಅಮೆರಿಕೆಯ ಕ್ಯಾಲಿಫೋರ್ನಿಯಾ ಪ್ರಾಂತದ ಅನಹೈಮ್ ಎಂಬ ಊರಿನಲ್ಲಿ 1955ರ ಜುಲೈ 17ರಂದು ತೆರೆದ ಈ ವಿನೋದವನದ ಬಗ್ಗೆ ಪುಸ್ತಕಗಳಿಗೇನೂ ಕೊರತೆಯಿಲ್ಲ. ಬಹುಪಾಲು ಪುಸ್ತಕಗಳು ಹೇಳುವ ಕಥೆ ಒಂದೇ. ವಾಲ್ಟ್ ಡಿಸ್ನಿ ತನ್ನ ಹೆಣ್ಣುಮಕ್ಕಳನ್ನು ಆಟಕ್ಕೆ ಬಿಟ್ಟು ತಾನು ಬೆಂಚಿನ ಮೇಲೆ ಕುಳಿತಿದ್ದಾಗ, ದೊಡ್ಡವರೂ ಮಕ್ಕಳೂ ಕೂಡಿ ನಲಿಯುವ ಜಾಗವೊಂದಿರಬೇಕೆಂದು ಹೊಳೆಯಿತು, ಒಂದೇ ವರ್ಷದಲ್ಲಿ ಕಟ್ಟಿಸಿಯೇ ಬಿಟ್ಟ, ಲೋಕ ಬೆರಗಾಯಿತು. ಇದು ಸುಳ್ಳಲ್ಲ. ಆದರೆ ಗಿರಣಿಗಳ ಬೆಳ್ಳಿಹಬ್ಬದ ಸ್ಮರಣಸಂಚಿಕೆಗಳನ್ನು ನೀವು ನೋಡಿದ್ದೀರಿ. ಮೊದಲ ಪುಟದಲ್ಲಿ ಸ್ಥಾಪಕರ ಭಾವಚಿತ್ರ, ಎರಡನೆಯದರಲ್ಲಿ ಅವರ ಮಕ್ಕಳದು, ಆಮೇಲೆ ಯಂತ್ರಗಳದು. ನೂಲು ತೆಗೆದವರ ಹೆಸರು ಎಷ್ಟು ಹುಡುಕಿದರೂ ಸಿಗದು. ಇದೂ ಅದೇ ಜಾತಿಯ ನಿಜ.

ಮೊದಲು ವಾಲ್ಟನ ತಂದೆಯ ವಿಷಯ ಹೇಳುತ್ತೇನೆ, ನಿಮಗೆ ಆಶ್ಚರ್ಯವಾದೀತು. ಎಲಿಯಾಸ್ ಡಿಸ್ನಿ ಬಡಗಿ. 1893ರ ಷಿಕಾಗೋ ಮಹಾಪ್ರದರ್ಶನದ ಕಟ್ಟಡಗಳಲ್ಲಿ ದುಡಿದವನು. ಆಮೇಲೆ ಮಿಸೌರಿಯಲ್ಲಿ ಸಣ್ಣ ರೈತ. ಸಮಾಜವಾದಿ ನಾಯಕ ಯೂಜೀನ್ ಡೆಬ್ಸ್‌ಗೆ ಮತ ಹಾಕುತ್ತಿದ್ದ ಈತನ ಮನೆಗೆ ‘ಅಪೀಲ್ ಟು ರೀಜನ್’ ಎಂಬ ಸಮಾಜವಾದಿ ವಾರಪತ್ರಿಕೆ ತಪ್ಪದೆ ಬರುತ್ತಿತ್ತು. ಅದು ಹೊರಡುತ್ತಿದ್ದುದು ನ್ಯೂಯಾರ್ಕಿನಿಂದಲ್ಲ, ಕಾನ್ಸಾಸಿನ ಗಿರಾರ್ಡ್ ಎಂಬ ಸಣ್ಣ ಊರಿನಿಂದ. ಅದರ ಪ್ರತಿಗಳ ಸಂಖ್ಯೆ ಒಂದು ಕಾಲಕ್ಕೆ ಐದು ಲಕ್ಷ ಮೀರಿತ್ತು. (ನಮ್ಮ ಪತ್ರಿಕೆಯ ಚಂದಾ ಬಾಕಿ ಇಟ್ಟಿರುವವರು ದಯವಿಟ್ಟು ಗಮನಿಸಬೇಕು.) ಆ ಪತ್ರಿಕೆಯ ವ್ಯಂಗ್ಯಚಿತ್ರಗಳಲ್ಲಿ ಹೊಟ್ಟೆ ಬಂದ ಬಂಡವಾಳಗಾರನೊಬ್ಬ, ಟೋಪಿ ಇಟ್ಟ ಕೂಲಿಗಾರನೊಬ್ಬ ಇರುತ್ತಿದ್ದರು. ಹುಡುಗ ವಾಲ್ಟ್ ಅವನ್ನು ನೋಡಿ ನೋಡಿ ನಕಲು ಬರೆದು ಕೈ ತಿದ್ದಿಕೊಂಡ. ಲೋಕಪ್ರಸಿದ್ಧ ಇಲಿಯನ್ನು ಹುಟ್ಟಿಸಿದ ಕೈಗೆ ಅಕ್ಷರಾಭ್ಯಾಸ ಮಾಡಿಸಿದ್ದರಲ್ಲಿ ಸಮಾಜವಾದಿ ಪತ್ರಿಕೆಯ ಪಾಲೂ ಇದೆ!

ಆ ಹುಡುಗ ಬೆಳೆದು ಧನಿಯಾದ. 1941ರ ಮೇ 29ರಂದು ಅವನ ಸ್ಟುಡಿಯೋದ ಚಿತ್ರಕಾರರು ಮುಷ್ಕರ ಹೂಡಿದರು. ಸಂಘ ಕಟ್ಟಿದ ಆರ್ಟ್ ಬ್ಯಾಬಿಟ್‌ನನ್ನೂ ಇತರರನ್ನೂ ಕೆಲಸದಿಂದ ತೆಗೆದದ್ದೇ ಕಿಡಿ. ಕೊನೆಗೆ ಸ್ಟುಡಿಯೋ ಸಂಘವನ್ನು ಒಪ್ಪಬೇಕಾಯಿತು. ವಾಲ್ಟ್ ಅದನ್ನು ಮರೆಯಲಿಲ್ಲ. 1947ರ ಅಕ್ಟೋಬರ್‌ನಲ್ಲಿ ಅಮೆರಿಕನ್ ಸಂಸತ್ತಿನ ಸಮಿತಿಯ ಮುಂದೆ ಹೋಗಿ, ಆ ಮುಷ್ಕರ ಕಮ್ಯುನಿಸ್ಟರ ಕೆಲಸವೆಂದು ಸಾಕ್ಷಿ ನುಡಿದ. ಇಂಥವನು ಕಟ್ಟಿದ ಊರಿನಲ್ಲಿ ಜಗಳ, ಕೊಳೆ, ಸಾಲ, ಸಂಘ ಯಾವುದೂ ಕಣ್ಣಿಗೆ ಬೀಳದಂತೆ ಇರಬೇಕಾದದ್ದು ಸಹಜವೇ.

ಇನ್ನು ನೆಲದ ವಿಷಯ. ಪ್ರಚಾರದ ಪುಸ್ತಕಗಳು ಅಲ್ಲಿ ಮೊದಲು ಕಿತ್ತಳೆ ತೋಟವಿತ್ತು ಎಂದು ಒಂದು ಸಾಲು ಬರೆದು ಮುಂದೆ ಹೋಗುತ್ತವೆ. ಸುಮಾರು 160 ಎಕರೆಯ ಆ ಕಿತ್ತಳೆ, ಆಕ್ರೋಡ ಮರಗಳನ್ನು ನೆಟ್ಟವರು, ಹಣ್ಣು ಕಿತ್ತವರು ಯಾರು? ಆ ಜಿಲ್ಲೆಯ ಹೆಸರೇ ಆರೆಂಜ್, ಅಂದರೆ ಕಿತ್ತಳೆ ಜಿಲ್ಲೆ. 1936ರ ಜೂನ್‌ನಲ್ಲಿ ಅಲ್ಲಿಯ ಎರಡು ಸಾವಿರಕ್ಕೂ ಮಿಕ್ಕಿದ ಮೆಕ್ಸಿಕನ್ ಕೂಲಿಗಾರರು ಹಣ್ಣು ಕೀಳುವುದನ್ನು ನಿಲ್ಲಿಸಿದರು. ಜಿಲ್ಲೆಯ ಪೋಲೀಸು ಅಧಿಕಾರಿ ಲೋಗನ್ ಜಾಕ್ಸನ್ ತಾನೇ ಒಬ್ಬ ಕಿತ್ತಳೆ ತೋಟಗಾರ. ನೂರಾರು ಮಂದಿಗೆ ಬಂದೂಕು ಕೊಟ್ಟು, ಕೊಲ್ಲಲೆಂದೇ ಗುಂಡು ಹಾರಿಸಿರೆಂದು ಆಜ್ಞೆ ಮಾಡಿದ. ಕೂಲಿಗಾರರನ್ನು ಹಿಂಡುಹಿಂಡಾಗಿ ಸೆರೆಗೆ ತಳ್ಳಿದರು. ದೊಡ್ಡ ಪತ್ರಿಕೆಗಳು ಧನಿಗಳ ಪಕ್ಷ ಹಿಡಿದವು. ಆಗ ಕೇರಿ ಮೆಕ್‌ವಿಲಿಯಮ್ಸ್ ಎಂಬ ವಕೀಲ ‘ಪೆಸಿಫಿಕ್ ವೀಕ್ಲಿ’ ಎಂಬ ಎಡಪಂಥದ ಸಣ್ಣ ವಾರಪತ್ರಿಕೆಯಲ್ಲಿ ಒಂದು ಲೇಖನ ಬರೆದ. ಅಲ್ಲಿಯ ಹಣ್ಣಿನ ಮುದ್ರೆಯ ಹೆಸರು ‘ಸನ್‌ಕಿಸ್ಟ್’, ಸೂರ್ಯ ಮುತ್ತಿಟ್ಟದ್ದು ಎಂದು. ಈತ ಲೇಖನಕ್ಕಿಟ್ಟ ಹೆಸರು ‘ಗನ್‌ಕಿಸ್ಟ್’, ಬಂದೂಕು ಮುತ್ತಿಟ್ಟದ್ದು! ಆ ಪತ್ರಿಕೆ ನಿಂತು ಎಷ್ಟೋ ಕಾಲವಾಯಿತು. ಆದರೂ ಅಂದಿನ ಸಂಗತಿ ಬೇಕಾದವನು ಇಂದಿಗೂ ಆ ಪುಟಕ್ಕೆ ಹೋಗುತ್ತಾನೆ. ನನ್ನ ಪುಸ್ತಕದ ಮೊದಲ ಅಧ್ಯಾಯ 1955ರಿಂದಲ್ಲ, ಈ 1936ರಿಂದ ಆರಂಭವಾಗುತ್ತದೆ.

ಪ್ರಾರಂಭೋತ್ಸವದ ದಿನವನ್ನು ನೋಡಿ. ಕಟ್ಟಲು ತಗಲಿದ ವೆಚ್ಚ ಸುಮಾರು 1 ಕೋಟಿ 70 ಲಕ್ಷ ಡಾಲರ್. ಸಾಲಕ್ಕೆ ಜಾಮೀನು ನಿಂತು ಮೂರನೆಯ ಒಂದು ಪಾಲು ಪಡೆದ ಎಬಿಸಿ ಎಂಬ ಟೆಲಿವಿಷನ್ ಕಂಪೆನಿ ಉತ್ಸವವನ್ನು ದೇಶಕ್ಕೆಲ್ಲ ತೋರಿಸಿತು. ನಕಲಿ ಟಿಕೀಟುಗಳ ದೆಸೆಯಿಂದ ಕರೆಯದವರೂ ಸೇರಿ ಸುಮಾರು 28,000 ಜನ ನುಗ್ಗಿದರು. ಸುಡು ಬಿಸಿಲು. ಹೊಸದಾಗಿ ಹಾಕಿದ ಡಾಂಬರು ಮೆತ್ತಗಾಗಿ ಹೆಂಗಸರ ಜೋಡಿನ ಹಿಮ್ಮಡಿ ಹೂತುಹೋಯಿತು. ಕುಡಿಯುವ ನೀರಿನ ನಳಗಳಲ್ಲಿ ಬಹಳಷ್ಟು ಒಣಗಿದ್ದವು. ನಳ ಜೋಡಿಸುವ ಕೂಲಿಗಾರರು ಮುಷ್ಕರ ಹೂಡಿದ್ದರಿಂದ ನೀರಿನ ನಳವೋ ಪಾಯಖಾನೆಯೋ ಎರಡರಲ್ಲೊಂದನ್ನು ಮಾತ್ರ ಮುಗಿಸಲು ವೇಳೆಯಿತ್ತು, ಡಿಸ್ನಿ ಪಾಯಖಾನೆಯನ್ನು ಆರಿಸಿಕೊಂಡ, ಎಂದು ಎಲ್ಲ ಪುಸ್ತಕಗಳೂ ನಗೆಚಾಟಿಕೆಯಂತೆ ಹೇಳುತ್ತವೆ. ಪಾನೀಯದ ಸೀಸೆ ಮಾರುವುದಕ್ಕಾಗಿ ಮಾಡಿದ ಉಪಾಯವಿದು ಎಂದು ಜನ ಗೊಣಗಿದ್ದನ್ನೂ ಹೇಳುತ್ತವೆ. ಆದರೆ ಆ ಕೂಲಿಗಾರರು ಕೇಳಿದ್ದೇನು, ಅವರಿಗೆ ಸಿಕ್ಕಿದ್ದೆಷ್ಟು ಎಂದು ವಿಚಾರಿಸುವ ಪುಸ್ತಕ ವಿರಳ. ಚರಿತ್ರೆಯೊಳಗೆ ಮುಷ್ಕರ ಬರುವುದು ಮಳೆ ಬಂದಂತೆ, ಬಿಸಿಲು ಹೊಡೆದಂತೆ. ಉತ್ಸವಕ್ಕೆ ಅಡ್ಡಿಯಾಗಿ ಮಾತ್ರ. ಇದನ್ನು ತಿದ್ದಬೇಕಾದರೆ ಕಂಪೆನಿಯ ಕಚೇರಿಯನ್ನಲ್ಲ, ಸಂಘಗಳ ಹಳೆಯ ಕಡತಗಳನ್ನು ಬಿಚ್ಚಬೇಕು. ಅಂದ ಹಾಗೆ, ಅಂದು ಟೆಲಿವಿಷನ್ನಿನಲ್ಲಿ ಉತ್ಸವವನ್ನು ವರ್ಣಿಸಿದ ಮೂವರಲ್ಲಿ ಒಬ್ಬ ರೊನಾಲ್ಡ್ ರೇಗನ್ ಎಂಬ ನಟ. 1981ರಲ್ಲಿ ಅಧ್ಯಕ್ಷನಾಗಿ, ಮುಷ್ಕರ ಹೂಡಿದ ಸುಮಾರು 11,000 ವಿಮಾನ ಸಂಚಾರ ನೌಕರರನ್ನು ಒಂದೇ ಏಟಿಗೆ ಮನೆಗೆ ಕಳಿಸಿದವನು ಈತನೇ.

ಸಭೆಯಲ್ಲಿ ಅಂಗಡಿಕಾರರೂ ಇದ್ದೀರಿ, ನಿಮಗೂ ಒಂದು ಮಾತು. ವನದ ಬಾಗಿಲು ದಾಟಿದೊಡನೆ ಸಿಗುವುದು ‘ಮೇನ್ ಸ್ಟ್ರೀಟ್’, ನೂರು ವರ್ಷದ ಹಿಂದಿನ ಸಣ್ಣ ಊರಿನ ಪೇಟೆಬೀದಿಯ ಪ್ರತಿಕೃತಿ. ಔಷಧದ ಅಂಗಡಿ, ಬ್ಯಾಂಕು, ಹಾಲು ಐಸ್‌ಕ್ರೀಮಿನ ಅಂಗಡಿ ಎಲ್ಲವೂ ಇದ್ದವು. ಆದರೆ 1955ರಲ್ಲಿ ಬಾಡಿಗೆ ತೆತ್ತು ಒಳಗೆ ಕುಳಿತವರು ಯಾರು? ಬ್ಯಾಂಕ್ ಆಫ್ ಅಮೆರಿಕ, ಕೊಡಾಕ್, ಅಪ್‌ಜಾನ್, ಕಾರ್ನೇಷನ್, ಸ್ವಿಫ್ಟ್. ಸಣ್ಣ ವ್ಯಾಪಾರಿಯ ಬೀದಿಯ ಗೊಂಬೆ ಮಾಡಿಟ್ಟು, ಒಳಗೆ ದೊಡ್ಡ ಕಂಪೆನಿಗಳನ್ನು ಕೂರಿಸಿದರು. ನಿಜವಾದ ಸಣ್ಣವರು ಗೋಡೆಯ ಆಚೆ ವಸತಿಗೃಹ, ಊಟದ ಅಂಗಡಿ ಹಾಕಿಕೊಂಡು ನಾಲ್ಕು ಕಾಸು ಕಂಡರು. 1950ರಲ್ಲಿ ಹದಿನೈದು ಸಾವಿರದಷ್ಟು ಜನರಿದ್ದ ಊರು 1960ಕ್ಕೆ ಒಂದು ಲಕ್ಷ ದಾಟಿತ್ತು. ಆ ನಾಲ್ಕು ಕಾಸು ಕೂಡ ಹೊರಗೆ ಹೋಗುವುದನ್ನು ಕಂಪೆನಿ ಸಹಿಸಲಿಲ್ಲ. ಮುಂದೆ ಫ್ಲಾರಿಡಾದಲ್ಲಿ ಎರಡನೆಯ ವನಕ್ಕಾಗಿ ಬೇನಾಮಿ ಕಂಪೆನಿಗಳ ಹೆಸರಿನಲ್ಲಿ ಗುಟ್ಟಾಗಿ ಸುಮಾರು 27,000 ಎಕರೆ ಕೊಂಡಿತು.

ಅಧಿಕೃತ ಚರಿತ್ರೆಯಿಂದ ಅಳಿಸಿಹೋಗುವವರು ಕೂಲಿಗಾರರಷ್ಟೇ ಅಲ್ಲ. ಸ್ಥಳ ಹುಡುಕುವುದರಿಂದ ಹಿಡಿದು ವನ ತೆರೆಯುವವರೆಗೆ ಎಲ್ಲದರಲ್ಲಿಯೂ ಕೈಯಿದ್ದ ಮೊದಲ ಮುಖ್ಯ ವ್ಯವಸ್ಥಾಪಕ ಸಿ. ವಿ. ವುಡ್ ಕೆಲವೇ ತಿಂಗಳಲ್ಲಿ ಹೊರಗೆ ಬಿದ್ದ. ಆಮೇಲೆ ಬಹುಕಾಲ ಅವನ ಹೆಸರೇ ಕಾಣದಾಯಿತು. ಧನಿಯ ಬಲಗೈಗೇ ಈ ಗತಿ.

ಹಾಗೆಂದು ನೋಡಲು ಬಂದವರ ಸಂತೋಷವನ್ನು ನಾನು ಹಳಿಯಲಾರೆ. ವಾರವೆಲ್ಲ ದುಡಿದವನು ಮಕ್ಕಳನ್ನು ಉಗಿಬಂಡಿಯಲ್ಲಿ ಕೂರಿಸಿ ನಕ್ಕರೆ ಆ ನಗೆ ನಿಜವಾದದ್ದು. ನಾವು ಜಾತ್ರೆಗೆ ಹೋಗುವುದಿಲ್ಲವೇ? ಅದನ್ನು ಮೋಸವೆನ್ನುವ ಪಂಡಿತರ ಪುಸ್ತಕಗಳೂ ಉಂಟು, ನನಗೆ ರುಚಿಸಲಿಲ್ಲ. ಕೇಳಬೇಕಾದದ್ದು ಆ ನಗೆಯ ಬೆಲೆ ಎಷ್ಟು, ತೆರುವವರು ಯಾರು ಎಂದು. 1955ರಲ್ಲಿ ದೊಡ್ಡವರಿಗೆ ಪ್ರವೇಶ ಒಂದು ಡಾಲರ್, ಆಟಗಳಿಗೆ ಬೇರೆ ದುಡ್ಡು. ಅಂದಿನ ಕನಿಷ್ಠ ಕೂಲಿ ಗಂಟೆಗೆ 75 ಸೆಂಟ್. 2024ರ ಅಕ್ಟೋಬರ್‌ನಲ್ಲಿ ಅತಿ ನೂಕುನುಗ್ಗಲಿನ ದಿನದ ಟಿಕೀಟನ್ನು, ಆಟಗಳೂ ಸೇರಿ, 206 ಡಾಲರಿಗೆ ಏರಿಸಿದರು. ಕ್ಯಾಲಿಫೋರ್ನಿಯಾದ ಕನಿಷ್ಠ ಕೂಲಿ ಆಗ 16 ಡಾಲರ್. ಲೆಕ್ಕ ಹಾಕಿದರೆ ಒಬ್ಬ ಒಳಗೆ ಹೋಗಲು ಹದಿಮೂರು ಗಂಟೆಯ ದುಡಿಮೆ.

ನಗೆ ಹಂಚುವವರ ಪಾಡೂ ಬರೆಯಬೇಕು. ಅಲ್ಲಿ ಕೆಲಸಗಾರನಿಗೆ ಕೆಲಸಗಾರ ಎನ್ನುವುದಿಲ್ಲ, ‘ಪಾತ್ರವರ್ಗ’ದವನು ಎನ್ನುತ್ತಾರೆ; ಸಮವಸ್ತ್ರಕ್ಕೆ ‘ವೇಷ’ ಎನ್ನುತ್ತಾರೆ. ವೇಷ ಹಾಕಿದವನು 1984ರಲ್ಲಿ 22 ದಿನ ಮುಷ್ಕರ ಮಾಡಿದ. 2018ರಲ್ಲಿ ಅಲ್ಲಿಯ ಸಾವಿರಾರು ಕೆಲಸಗಾರರನ್ನು ವಿಚಾರಿಸಿ ತಯಾರಿಸಿದ ವರದಿಯ ಪ್ರಕಾರ ನೂರಕ್ಕೆ 73 ಜನ ತಮ್ಮ ಸಂಬಳ ತಿಂಗಳ ಅಗತ್ಯದ ಖರ್ಚಿಗೆ ಸಾಲದೆಂದರು. ನೂರಕ್ಕೆ 11 ಜನ ಹಿಂದಿನ ಎರಡು ವರ್ಷದಲ್ಲಿ ಒಂದಲ್ಲ ಒಂದು ಕಾಲ ಮನೆಯಿಲ್ಲದೆ ಇದ್ದವರು. ಅದೇ ವರ್ಷ ಊರಿನ ಮತದಾರರು, ಪುರಸಭೆಯಿಂದ ರಿಯಾಯಿತಿ ಪಡೆದ ಕಂಪೆನಿಗಳು ಹೆಚ್ಚಿನ ಕೂಲಿ ಕೊಡಲೇಬೇಕೆಂದು ಕಾನೂನು ಮಾಡಿದರು. ಅದು ತನಗೆ ಅನ್ವಯಿಸುವುದಿಲ್ಲವೆಂದು ಕಂಪೆನಿ ವಾದಿಸಿತು. 2023ರಲ್ಲಿ ಮೇಲಿನ ನ್ಯಾಯಾಲಯ ಅನ್ವಯಿಸುತ್ತದೆ ಎಂದಿತು. 2024ರ ಡಿಸೆಂಬರ್‌ನಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಕೆಲಸಗಾರರ ಪರವಾಗಿ 23 ಕೋಟಿ 30 ಲಕ್ಷ ಡಾಲರಿಗೆ ರಾಜಿಯಾಯಿತು. ಅದೇ ವರ್ಷದ ಮೇ ತಿಂಗಳಲ್ಲಿ ಇಲಿ, ರಾಜಕುಮಾರಿಯರ ವೇಷ ಹಾಕುವವರು 953 ಮತಗಳಿಗೆ ಎದುರಾಗಿ 258 ಬಿದ್ದ ಚುನಾವಣೆಯಲ್ಲಿ ಸಂಘ ಸೇರಿದ್ದರು.

ಈ ಮೊಕದ್ದಮೆಯ ಕಾಗದಗಳಲ್ಲಿ ಕಂಪೆನಿಯ ಉತ್ತರವೂ ಇದೆ, ಕೆಲಸಗಾರರ ಮಾತೂ ಇದೆ. ಈಗ ಅವನ್ನೇ ಓದುತ್ತಿದ್ದೇನೆ. ಮೊದಲ ಎರಡು ಅಧ್ಯಾಯಗಳ ಹಸ್ತಪ್ರತಿ ವಾಚನಾಲಯದ ಮೇಜಿನ ಮೇಲಿದೆ. ಓದಿ ತಪ್ಪು ಕಂಡಲ್ಲಿ ಪೆನ್ಸಿಲಿನಿಂದ ಗುರುತು ಹಾಕಿಡಿ. ಪ್ರಶ್ನೆಗಳಿದ್ದರೆ ಈಗಲೇ ಕೇಳಬಹುದು, ರಾತ್ರಿ ಪಾಳಿಯವರು ಮೊದಲು.