ಬೆಳಕಿಗೆ ಮರುಳಾಗದ ಸೊಳ್ಳೆ

(ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಉಪನ್ಯಾಸದ ಪಾಠ)



ಊರಿನ ಹೊರಾಂಗಣಗಳಲ್ಲಿ ಸೌರಶಕ್ತಿಯ ಬೆಳಕಿನ ಬಲೆಗಳನ್ನು ನಿಲ್ಲಿಸಿ ಸೊಳ್ಳೆಗಳನ್ನು ನಿಯಂತ್ರಿಸಬಹುದೇ ಎಂಬ ಪ್ರಶ್ನೆಯನ್ನು ತಾವು ಮುಂದಿಟ್ಟಿದ್ದೀರಿ. ವಿಷ ಸಿಂಪಡಿಸದ ಮಾರ್ಗವನ್ನು ಹುಡುಕುವುದು ಸ್ತುತ್ಯವೇ ಸರಿ. ಆದರೆ ಹಣ ಹೂಡುವ ಮೊದಲು, ಬಲೆಗೆ ಬೀಳುವ ಜೀವಿ ಯಾವುದು ಎಂದು ವಿಚಾರಿಸಬೇಕು.

ಕಚ್ಚುವುದು ಹೆಣ್ಣು ಸೊಳ್ಳೆ. ಅದು ಮುಖ್ಯವಾಗಿ ನಮ್ಮ ಉಸಿರಿನ ಇಂಗಾಲದ ಡೈಆಕ್ಸೈಡ್, ಬೆವರಿನ ವಾಸನೆ, ಮೈಯ ಶಾಖ ಇವುಗಳ ಜಾಡು ಹಿಡಿದು ಬರುತ್ತದೆ. 1996ರಲ್ಲಿ ಅಮೆರಿಕದ ಡೆಲವೇರ್‌ನಿಂದ ಪ್ರಕಟವಾದ ಅಧ್ಯಯನವೊಂದರಲ್ಲಿ, ಅತಿನೇರಳೆ ದೀಪದ ವಿದ್ಯುತ್ ಬಲೆಗಳಲ್ಲಿ ಸತ್ತ 13,789 ಕೀಟಗಳನ್ನು ಎಣಿಸಲಾಯಿತು. ಅವುಗಳಲ್ಲಿ ರಕ್ತ ಹೀರುವ ಕೀಟಗಳು ಕೇವಲ 31. ಸುಮಾರು ಅರ್ಧದಷ್ಟು ಹತ್ತಿರದ ನೀರಿನಾಸರೆಗಳ ನಿರುಪದ್ರವಿ ಕೀಟಗಳು; ಅಂದರೆ ಮೀನು, ಹಕ್ಕಿಗಳ ಆಹಾರ. ನಮ್ಮ ಹಳ್ಳಗಳ ದಡದಲ್ಲಿ ಇಂಥ ದೀಪವನ್ನು ಹಚ್ಚಿದರೆ ಆಗುವ ನಷ್ಟವನ್ನು ಊಹಿಸಿಕೊಳ್ಳಿ.

ಹಾಗಾದರೆ ಬಲೆಯ ವಿನ್ಯಾಸ ಹೇಗಿರಬೇಕು? ದೀಪಕ್ಕಿಂತ ವಾಸನೆಗೂ ಗಾಳಿಗೂ ಪ್ರಾಧಾನ್ಯ ಕೊಡಬೇಕು. ಆಕರ್ಷಕ ವಾಸನೆ, ಹತ್ತಿರ ಬಂದ ಸೊಳ್ಳೆಯನ್ನು ಚೀಲಕ್ಕೆ ಸೆಳೆಯುವ ಸಣ್ಣ ಫ್ಯಾನ್, ಇವೇ ಅದರ ಜೀವಾಳ. ಕೀನ್ಯಾದ ವಿಕ್ಟೋರಿಯಾ ಸರೋವರದಲ್ಲಿರುವ ರುಸಿಂಗಾ ದ್ವೀಪದಲ್ಲಿ ಮನುಷ್ಯನ ವಾಸನೆಯನ್ನು ಹೋಲುವ, ಸೌರಶಕ್ತಿಯಿಂದ ನಡೆಯುವ ಇಂಥ ಬಲೆಗಳನ್ನು ಮನೆಮನೆಗೆ ಅಳವಡಿಸಲಾಯಿತು. 2016ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಬಲೆಗಳಿದ್ದಲ್ಲಿ ಮಲೇರಿಯಾ ಸುಮಾರು ಶೇ. 30ರಷ್ಟು ಕಡಿಮೆಯಿತ್ತು. ಅದೇ ಫಲಕ ಆ ಮನೆಗಳಿಗೆ ದೀಪವನ್ನೂ ಒದಗಿಸಿತು. ಆದರೆ ಅಲ್ಲಿ ಸೊಳ್ಳೆಪರದೆ, ಔಷಧೋಪಚಾರಗಳೂ ಜೊತೆಗಿದ್ದವು ಎಂಬುದನ್ನು ಮರೆಯಬಾರದು.

ಇನ್ನು ನಮ್ಮ ಮಲೆನಾಡಿನ ಲೆಕ್ಕ. ಫ್ಯಾನ್ ಮತ್ತು ದೀಪ ಸೇರಿ 3 ವ್ಯಾಟ್ ಬಳಸಿದರೂ, 10 ಗಂಟೆಗೆ 30 ವ್ಯಾಟ್-ಗಂಟೆ ವಿದ್ಯುತ್ ಬೇಕು. ಆಷಾಢದ ಮೋಡದಲ್ಲಿ ದಿನಕ್ಕೆ ಎರಡು ಗಂಟೆಯ ಪೂರ್ಣ ಬಿಸಿಲಿಗೆ ಸಮನಾದ ಬೆಳಕು ಸಿಕ್ಕಿತೆಂದುಕೊಂಡರೂ, 10 ವ್ಯಾಟ್ ಫಲಕ ಕೊಡುವುದು ಹೆಚ್ಚೆಂದರೆ 20. ಸೊಳ್ಳೆ ಹೆಚ್ಚುವ ಕಾಲದಲ್ಲಿಯೇ ಬಲೆ ಸೊರಗುತ್ತದೆ. ಆದ್ದರಿಂದ ದೊಡ್ಡ ಫಲಕ, ದೊಡ್ಡ ಬ್ಯಾಟರಿ ಅನಿವಾರ್ಯ; ವೆಚ್ಚವೂ ಏರುತ್ತದೆ.

ಅದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆ ಹಗಲಿನಲ್ಲಿ ಕಚ್ಚುತ್ತದೆ. ರಾತ್ರಿಯ ದೀಪ ಅದಕ್ಕೆ ಏನನ್ನೂ ಮಾಡದು. ಅದರ ತೊಟ್ಟಿಲು ಇರುವುದು ತೋಟದಲ್ಲಿ ಬಿದ್ದ ಅಡಿಕೆ ಹಾಳೆಯಲ್ಲಿ, ರಬ್ಬರ್ ಮರದ ಚಿಪ್ಪಿನಲ್ಲಿ, ಅಂಗಳದ ಹಳೆಯ ಟೈರಿನಲ್ಲಿ. ಮೊಟ್ಟೆ ಸೊಳ್ಳೆಯಾಗಲು ಸಾಮಾನ್ಯವಾಗಿ ಒಂದು ವಾರ ಅಥವಾ ಹತ್ತು ದಿನ ಸಾಕು. ವಾರಕ್ಕೊಮ್ಮೆ ಆ ನೀರನ್ನು ಚೆಲ್ಲಿ, ಹಾಳೆಯನ್ನು ಕವುಚಿಟ್ಟರೆ ಸಂತತಿಯ ಸರಪಳಿ ಕಡಿಯುತ್ತದೆ.

ವಿದ್ಯಾರ್ಥಿಗಳಲ್ಲಿ ನನ್ನ ವಿನಂತಿ ಇಷ್ಟೇ: ಪ್ರಯೋಗಕ್ಕಾಗಿ ಒಂದೇ ಬಲೆಯನ್ನು ಕಟ್ಟಿ, ಬಿದ್ದ ಪ್ರತಿ ಕೀಟವನ್ನೂ ಎಣಿಸಿ ಬರೆದಿಡಿ. ಸೊಳ್ಳೆಗಿಂತ ಪತಂಗ, ದುಂಬಿಗಳೇ ಹೆಚ್ಚಾಗಿದ್ದರೆ ದೀಪವನ್ನು ಆರಿಸಿಬಿಡಿ. ಊರಿನ ಹಣವನ್ನು ಕಿಟಕಿಯ ಜಾಲರಿಗೆ, ಸೊಳ್ಳೆಪರದೆಗೆ ಮೀಸಲಿಡೋಣ. ಕತ್ತಲೆಯೂ ಕಾಡಿನ ಒಂದು ಸಂಪತ್ತು. ಅದನ್ನು ಅನಗತ್ಯವಾಗಿ ಕಳೆದುಕೊಳ್ಳುವುದು ಬೇಡ.