ರಜೆಗೆ ಬಂದ ನರ್ಸ್ ತಿದ್ದಿದ ನನ್ನ ಲೆಕ್ಕ
(ಟ್ರಸ್ಟಿನ ವಿದ್ಯಾರ್ಥಿವೇತನ ವಿತರಣಾ ಸಮಾರಂಭದಲ್ಲಿ ನಿವೃತ್ತ ಶಿಕ್ಷಕರೊಬ್ಬರು ಮಾಡಿದ ಭಾಷಣ)



ಮೂರು ದಶಕಕ್ಕೂ ಮೇಲ್ಪಟ್ಟು ಪಾಠ ಮಾಡಿದವನ ಕೈಗೆ ಮೈಕ್ ಕೊಟ್ಟರೆ ಬೆಲ್ ಹೊಡೆಯುವ ತನಕ ಬಿಡುವುದಿಲ್ಲ ಎಂಬ ಭಯ ನಿಮಗಿರಬಹುದು. ಹೆದರಬೇಡಿ. ಇಂದು ಒಂದೇ ಒಂದು ವಿಷಯ ಹೇಳಿ ಕುಳಿತುಕೊಳ್ಳುತ್ತೇನೆ. ಅದು ನನ್ನ ತಪ್ಪಿನ ವಿಷಯ.

ನಮ್ಮೂರಿಗೆ ರಜೆಯಲ್ಲಿ ಬರುವವರೆಂದರೆ ಗಲ್ಫಿನವರು. ಕಾರು ಅಂಗಳಕ್ಕೆ ಬಂದ ಕೂಡಲೇ ಮಕ್ಕಳು ಪೆಟ್ಟಿಗೆಯ ಸುತ್ತ ಸೇರುತ್ತಾರೆ. ಅತ್ತರು, ಖರ್ಜೂರ, ಚಾಕಲೇಟು ಎಲ್ಲವೂ ಹೊರಬರುತ್ತದೆ. 2024ರ ಡಿಸೆಂಬರಿನಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ರಜೆಗೆ ಬಂದಳು. ಅವಳ ಪೆಟ್ಟಿಗೆ ಹಗುರವಾಗಿತ್ತು. ಗಲ್ಫಿನ ಆಸ್ಪತ್ರೆಯ ಕರಾರು ಮುಗಿದ ಮೇಲೆ ಅವಳು ಆಫ್ರಿಕಾದ ಸಿಯೆರಾ ಲಿಯೋನ್ ದೇಶಕ್ಕೆ ಹೋಗಿದ್ದಳು, ಫ್ರೀಟೌನ್ ಬಂದರಿನಲ್ಲಿ ನಿಂತಿದ್ದ ಆಸ್ಪತ್ರೆ ಹಡಗಿನಲ್ಲಿ ನರ್ಸ್ ಆಗಿ.

ಹಡಗಿನ ಹೆಸರು ಗ್ಲೋಬಲ್ ಮರ್ಸಿ. 1978ರಲ್ಲಿ ಆರಂಭವಾದ ಮರ್ಸಿ ಶಿಪ್ಸ್ ಎಂಬ ಸಂಸ್ಥೆಯದು. ಉದ್ದ 174 ಮೀಟರ್. ಅಂದರೆ ನಮ್ಮ ಮಕ್ಕಳ ನೂರು ಮೀಟರ್ ಓಟ ಮುಗಿದ ಮೇಲೂ ಇನ್ನೂ 74 ಮೀಟರ್ ಹಡಗು ಉಳಿದಿರುತ್ತದೆ. ಒಳಗೆ ಆರು ಶಸ್ತ್ರಚಿಕಿತ್ಸಾ ಕೊಠಡಿಗಳು, ಸುಮಾರು 200 ಹಾಸಿಗೆಗಳು. 1991ರಿಂದ ನಮ್ಮ ದೇಶದಲ್ಲಿ ಲೈಫ್‌ಲೈನ್ ಎಕ್ಸ್‌ಪ್ರೆಸ್ ಎಂಬ ಆಸ್ಪತ್ರೆ ರೈಲು ಓಡುತ್ತಿದೆಯಲ್ಲ, ಇದು ನೀರಿನ ಮೇಲಿನ ಅದರ ಬಂಧು ಎಂದು ತಿಳಿಯಿರಿ. ಸಿಯೆರಾ ಲಿಯೋನ್ 1991ರಿಂದ 2002ರ ತನಕ ಅಂತರ್ಯುದ್ಧದಲ್ಲಿ ಬೆಂದ ದೇಶ. ಆಮೇಲೆ 2014ರಲ್ಲಿ ಎಬೋಲಾ ಬಂತು. ಅನೇಕ ವೈದ್ಯರು, ನರ್ಸ್‌ಗಳೇ ಅದಕ್ಕೆ ಬಲಿಯಾದರು. ಅಂಥ ಕಡೆ ವಿದ್ಯುತ್ತು, ಶುದ್ಧ ನೀರು, ಲ್ಯಾಬು ಎಲ್ಲವನ್ನೂ ಹೊತ್ತುಕೊಂಡೇ ಆಸ್ಪತ್ರೆ ಬಂದರಿಗೆ ಬರುತ್ತದೆ. ಕಣ್ಣಿನ ಪೊರೆ, ಸೀಳು ತುಟಿ, ಗಡ್ಡೆ, ಸುಟ್ಟು ಮುದುಡಿದ ಕೈ, ಇವಕ್ಕೆಲ್ಲ ಉಚಿತ ಶಸ್ತ್ರಚಿಕಿತ್ಸೆ.

ಅವಳನ್ನು ನೋಡಲು ಹೋದಾಗ ನೆರೆಯವರೂ ಬಂದಿದ್ದರು. ಮೊದಲ ಪ್ರಶ್ನೆ, “ಸಂಬಳ ಎಷ್ಟು?”

“ಸಂಬಳ ಇಲ್ಲ. ಟಿಕೆಟ್ಟು ಕೂಡ ನನ್ನದೇ,” ಎಂದಳು.

ಚಾವಡಿ ಮೌನವಾಯಿತು. ಅವಳ ಉಮ್ಮ ಚಾ ತರುವ ನೆಪದಲ್ಲಿ ಒಳಗೆ ಹೋದರು. ಅದೇ ವಾರ ಬಂದಿದ್ದ ಸಂಬಂಧವೊಂದು ಈ ಕಾರಣಕ್ಕೇ ತಪ್ಪಿತೆಂದು ನನಗೆ ಆಮೇಲೆ ಗೊತ್ತಾಯಿತು. ಇನ್ನೊಬ್ಬರು, “ಅದು ಕ್ರೈಸ್ತರ ಹಡಗಲ್ಲವೇ?” ಎಂದರು. ಅವಳು ಸಿಟ್ಟಾಗಲಿಲ್ಲ. “ಹೌದು. ಆ ದೇಶದಲ್ಲಿ ಹೆಚ್ಚಿನವರು ಮುಸ್ಲಿಮರು. ಬ್ಯಾಂಡೇಜ್ ಬಿಚ್ಚುವಾಗ ಒಂದು ಹಾಸಿಗೆಯವರು ಬಿಸ್ಮಿಲ್ಲಾ ಹೇಳುತ್ತಾರೆ, ಪಕ್ಕದವರು ಯೇಸುವನ್ನು ನೆನೆಯುತ್ತಾರೆ. ಗಾಯ ಇಬ್ಬರದೂ ಒಂದೇ ರೀತಿ ಒಣಗುತ್ತದೆ,” ಎಂದಳು.

ಕಾಲುಗಳು ಬಿಲ್ಲಿನಂತೆ ಬಾಗಿದ್ದ ಒಬ್ಬ ಹುಡುಗನ ವಿಷಯ ಹೇಳಿದಳು. ಶಸ್ತ್ರಚಿಕಿತ್ಸೆಯಾಗಿ ವಾರಗಟ್ಟಲೆ ಪ್ಲಾಸ್ಟರಿನಲ್ಲಿದ್ದ. ಅದನ್ನು ಬಿಚ್ಚಿದ ದಿನ ತನ್ನ ನೇರವಾದ ಕಾಲನ್ನು ನೋಡಿ, “ಇದು ನನ್ನದಲ್ಲ” ಎಂದು ಅತ್ತನಂತೆ. ಮರುದಿನ ಗೋಡೆ ಹಿಡಿದು ನಾಲ್ಕು ಹೆಜ್ಜೆ ಇಟ್ಟನಂತೆ. “ಮಾಸ್ಟ್ರೇ, ಆ ನಾಲ್ಕು ಹೆಜ್ಜೆಯೇ ನನ್ನ ಆ ತಿಂಗಳ ಸಂಬಳ,” ಎಂದಳು. ಹಡಗಿನ ಸಿಬ್ಬಂದಿಯ ಮಕ್ಕಳಿಗೆ ಅಲ್ಲೇ ಶಾಲೆಯೂ ಇದೆಯಂತೆ. “ನೀವೂ ಬನ್ನಿ, ಲೆಕ್ಕ ಹೇಳಿಕೊಡಿ,” ಎಂದು ನಕ್ಕಳು. ಬಚ್ಚಲಲ್ಲಿ ಸೋಪು ಹಚ್ಚುವಾಗ ನಲ್ಲಿ ನಿಲ್ಲಿಸುವ ಹಡಗಿನ ಅಭ್ಯಾಸ ಮನೆಯಲ್ಲೂ ಬಿಟ್ಟಿಲ್ಲವೆಂದು ಉಮ್ಮ ದೂರಿದರು. ಬಾವಿ ತುಂಬಾ ನೀರಿದೆಯಲ್ಲ ಎಂದು ಅವರ ತಕರಾರು.

ಈಗ ನನ್ನ ತಪ್ಪಿಗೆ ಬರುತ್ತೇನೆ. ವರ್ಷಗಳ ಹಿಂದೆ ಈ ಹುಡುಗಿಯ ಅರ್ಜಿ ಆಯ್ಕೆ ಸಮಿತಿಯೊಂದರ ಮುಂದೆ ಬಂದಿತ್ತು. ಸಮಿತಿಯಲ್ಲಿ ನಾನೂ ಇದ್ದೆ. ಅಂಕ ಚೆನ್ನಾಗಿತ್ತು. ಕೋರ್ಸು ನರ್ಸಿಂಗ್. “ನೈಟ್ ಡ್ಯೂಟಿ ನಮ್ಮ ಹೆಣ್ಣುಮಕ್ಕಳಿಗೆ ಸರಿಹೋಗದು, ಬಿಎಡ್ ಮಾಡಲಿ” ಎಂದು ಹೇಳಿ ಅರ್ಜಿಯನ್ನು ಕೆಳಗಿಟ್ಟವನು ನಾನೇ. ಬೇರೆ ಯಾರೂ ಅಲ್ಲ. ಆ ವರ್ಷ ಅವಳಿಗೆ ಹಣ ಸಿಗಲಿಲ್ಲ. ಬೀಡಿ ಕಟ್ಟಿ ಮನೆ ನಡೆಸುತ್ತಿದ್ದ ಉಮ್ಮ ಎರಡು ಬಳೆ ಅಡವಿಟ್ಟು ಫೀಸು ಕಟ್ಟಿದರು.

ಹೊರಡುವಾಗ ಗೇಟಿನ ಬಳಿ ಅವಳಿಗೆ ಇದನ್ನು ಹೇಳಿದೆ. ತಲೆ ತಗ್ಗಿಸಿಯೇ ಹೇಳಿದೆ. “ನನಗೆ ಗೊತ್ತಿತ್ತು ಮಾಸ್ಟ್ರೇ. ಬಳೆ ನನ್ನ ಮೊದಲ ವರ್ಷದ ಸಂಬಳದಲ್ಲೇ ಬಿಡಿಸಿದೆ. ಆದರೆ ನನ್ನ ಜೊತೆ ಅರ್ಜಿ ಹಾಕಿದವಳ ಮನೆಯಲ್ಲಿ ಅಡವಿಡಲು ಬಳೆ ಇರಲಿಲ್ಲ,” ಎಂದಳು. ಅಷ್ಟೇ. ಆ ಇನ್ನೊಬ್ಬಳ ಹೆಸರು ಕೂಡ ನನಗೆ ನೆನಪಿರಲಿಲ್ಲ.

ಜನವರಿಯಲ್ಲಿ ಅವಳು ಹಡಗಿಗೆ ಮರಳಿದಳು. ಉಮ್ಮನಿಗೆ ಇನ್ನೂ ಪೂರ್ತಿ ಒಪ್ಪಿಗೆಯಿಲ್ಲ. ಆದರೂ ಪೆಟ್ಟಿಗೆಗೆ ಉಪ್ಪಿನಕಾಯಿ ಬಾಟಲಿ ಇಟ್ಟವರು ಅವರೇ.

ಹೆತ್ತವರಲ್ಲಿ ನನ್ನ ವಿನಂತಿ ಇಷ್ಟೇ. ಮನೆಯಲ್ಲಿ ಯಾರಾದರೂ ಆಸ್ಪತ್ರೆ ಸೇರಿದಾಗ ರಾತ್ರಿ ಎರಡು ಗಂಟೆಗೆ ಬರುವ ನರ್ಸಿಗೆ ನಾವು ದುಆ ಮಾಡುತ್ತೇವೆ. ನಮ್ಮ ಮಗಳು ಆ ನರ್ಸ್ ಆಗುತ್ತೇನೆಂದರೆ ಮುಖ ತಿರುಗಿಸುತ್ತೇವೆ. ಈ ಲೆಕ್ಕ ಕೂಡಿ ಬರುವುದಿಲ್ಲ. ಮಕ್ಕಳೇ, ಈ ವರ್ಷದಿಂದ ನರ್ಸಿಂಗ್ ಮತ್ತು ಪ್ಯಾರಾಮೆಡಿಕಲ್ ಅರ್ಜಿಗಳನ್ನು ಬೇರೆಲ್ಲ ಕೋರ್ಸುಗಳ ಸಾಲಿನಲ್ಲೇ ಪರಿಗಣಿಸಬೇಕೆಂಬ ನನ್ನ ಕೋರಿಕೆಯನ್ನು ಅಧ್ಯಕ್ಷರು ಒಪ್ಪಿದ್ದಾರೆ. ಅರ್ಜಿ ನಮೂನೆ ಈ ವರದಿಯ ಕೊನೆಯಲ್ಲಿದೆ. ತುಂಬಿಸಿ ಕಳುಹಿಸಿ. ನಿಮ್ಮ ಅರ್ಜಿಯನ್ನು ಯಾರಾದರೂ ಕೆಳಗಿಟ್ಟರೆ ಈ ಮಾಸ್ಟ್ರ ಮನೆಗೆ ಬಂದು ಕೇಳಿ.