ಟೈಮರ್ ಸಾಕೇ, ಸಂಗಾತಿ ಬೇಕೇ?

1980ರ ದಶಕದ ಕೊನೆಯಲ್ಲಿ ಇಟಲಿಯ ವಿದ್ಯಾರ್ಥಿ ಫ್ರಾಂಚೆಸ್ಕೊ ಸಿರಿಲ್ಲೊ ಟೊಮೆಟೊ ಆಕಾರದ ಅಡುಗೆಮನೆ ಟೈಮರೊಂದನ್ನು ಓದುವ ಮೇಜಿಗೆ ತಂದಿಟ್ಟುಕೊಂಡರು. 25 ನಿಮಿಷ ಕೆಲಸ, 5 ನಿಮಿಷ ಬಿಡುವು. ಪೊಮೊಡೊರೊ ಎಂಬ ಆ ಪದ್ಧತಿ ಇಂದಿಗೂ ಬಳಕೆಯಲ್ಲಿದೆ. ಟೈಮರ್ ಗಂಟೆ ಬಾರಿಸುತ್ತದೆ, ಹರಟೆಗೆ ಕೂರುವುದಿಲ್ಲ. ಅದೇ ಅದರ ದೊಡ್ಡ ಗುಣ. ಈಗಿನ ಕೃತಕ ಬುದ್ಧಿಮತ್ತೆಯ ಸಂಗಾತಿಗಳು ಹಾಗಲ್ಲ. ಕೆಲಸ ಎಲ್ಲಿಗೆ ಬಂತೆಂದು ವಿಚಾರಿಸುತ್ತವೆ, ಭೇಷ್ ಎನ್ನುತ್ತವೆ, ಉತ್ತರಕ್ಕೆ ಕಾಯುತ್ತವೆ. ಉತ್ತರ ಕೊಡುವುದೂ ಒಂದು ಕೆಲಸವೇ ತಾನೇ?

ಜೊತೆಗೊಬ್ಬರಿದ್ದರೆ ಕೆಲಸ ಸಾಗುತ್ತದಲ್ಲ ಎನ್ನಬಹುದು. ಸಾಗುತ್ತದೆ, ಆದರೆ ಎಲ್ಲ ಕೆಲಸವೂ ಅಲ್ಲ. ಮನೋವಿಜ್ಞಾನಿ ರಾಬರ್ಟ್ ಝಾಯನ್ಸ್ 1965ರಲ್ಲಿ ಅದುವರೆಗಿನ ಪ್ರಯೋಗಗಳನ್ನು ಒಟ್ಟಿಗಿಟ್ಟು ನೋಡಿದಾಗ ಕಂಡದ್ದು ಇದು: ಇನ್ನೊಬ್ಬರ ಇರವು ರೂಢಿಯಾದ ಕೆಲಸವನ್ನು ಚುರುಕಾಗಿಸುತ್ತದೆ, ಹೊಸದನ್ನು ಕಲಿಯುವುದಕ್ಕೆ ಅಡ್ಡಿಯಾಗುತ್ತದೆ. ಅವು ಯಂತ್ರವನ್ನು ಜೊತೆಗಿಟ್ಟುಕೊಂಡು ನಡೆಸಿದ ಪ್ರಯೋಗಗಳಲ್ಲ, ಒಪ್ಪೋಣ. ಆದರೆ ಮನುಷ್ಯನಂತೆ ಮಾತಾಡುವುದೇ ಈ ಸಂಗಾತಿಗಳ ಹೆಚ್ಚುಗಾರಿಕೆ ಎಂದಾದರೆ, ಮನುಷ್ಯನಂತೆ ಗಮನ ಸೆಳೆಯುವುದೂ ಅದರ ಜೊತೆಗೇ ಬರುತ್ತದೆ. ಇನ್ನು, ಎಲ್ಲಿಂದ ಶುರುಮಾಡಬೇಕೆಂದೇ ತೋಚದವರಿಗೆ ಟೈಮರಿನಿಂದ ಪ್ರಯೋಜನವಿಲ್ಲ ಎಂಬ ಮಾತು ಸರಿಯೇ. ಅಂಥವರು ಎಐಯನ್ನು ಕೇಳಿ ಕೆಲಸವನ್ನು ಸಣ್ಣ ಸಣ್ಣ ಹಂತಗಳಾಗಿ ಒಡೆದುಕೊಳ್ಳಲಿ. ಮೊದಲ ಹಂತ ಸ್ಪಷ್ಟವಾದ ಮೇಲೆ ಆ ಎಐ ಇರುವ ಫೋನು ಪಕ್ಕದ ಕೋಣೆಗೆ ಹೋದರೂ ನಷ್ಟವಿಲ್ಲ.